ಟರ್ಮಿನಲ್‌ನಲ್ಲಿ ಸಿಟ್ಯಾಗ್ಸ್ ರನ್ ಆಗುತ್ತದೆ, ವಿಮ್‌ನಲ್ಲಿ ಯಾಕೆ ಆಗುವುದಿಲ್ಲ?

ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಬಿಟ್ಟು ಮ್ಯಾಕ್ ತೆಗೆದುಕೊಂಡೆ. ವಿಮ್ ಎಡಿಟರ್‌ನ ಸೆಟ್ಟಿಂಗ್ಸ್, ಯಾವ ಫಂಕ್ಷನ್ ಯಾವ ಫೈಲಿನಲ್ಲಿದೆ ಅಂತ ಪಟ್ಟಿ (ಟ್ಯಾಗ್ಸ್ ಫೈಲ್) ಮಾಡಿಕೊಡುವ ಸಿಟ್ಯಾಗ್ಸ್‌ನ ಸೆಟ್ಟಿಂಗ್ಸ್ ಎಲ್ಲವನ್ನೂ ಹಾಗೇ ಕಾಪಿ ಮಾಡಿಕೊಂಡಿದ್ದೇನೆ. ಈಗ ಫೈಲ್ ಸೇವ್ ಮಾಡಿದಾಗಲೆಲ್ಲ ಗುಟೆನ್‌ಟ್ಯಾಗ್ಸ್ ಪ್ಲಗಿನ್ ‘ಸಿಟ್ಯಾಗ್ಸ್ ಜಾಬ್ ಫೇಲ್ಡ್, ರಿಟರ್ನ್ಡ್: 1’ ಅನ್ನುತ್ತದೆ. ಟರ್ಮಿನಲ್‌ನಲ್ಲಿ ನಾನೇ ರನ್ ಮಾಡಿದರೆ ಟ್ಯಾಗ್ಸ್ ಫೈಲ್ ಆಗುತ್ತದೆ, ಆದರೆ ಹೆಸರಿನ ಮೇಲಿಂದ ಆ ಫಂಕ್ಷನ್ ಬರೆದಿರುವ ಜಾಗಕ್ಕೆ ಜಂಪ್ ಮಾಡಿದರೆ ಬಿಲ್ಡ್ ಫೋಲ್ಡರಿನಲ್ಲಿರುವ ಕಾಪಿಗೆ ಹೋಗಿ ನಿಲ್ಲುತ್ತದೆ. ಆಫೀಸಿನ ಉಬುಂಟು ಸರ್ವರ್‌ನಲ್ಲಿ ಇನ್ನೊಂದು ಥರ. ಅಲ್ಲಿ ಎರಡು ಫೋಲ್ಡರಿನ ಟ್ಯಾಗ್ಸ್ ಸೇರಿಸಿ ಸಾರ್ಟ್ ಮಾಡುವ ಸ್ಕ್ರಿಪ್ಟ್ ಇದೆ. ಕೆಲವು ಫಂಕ್ಷನ್ ಸಿಗುತ್ತವೆ, ಕೆಲವಕ್ಕೆ ಇ426, ಟ್ಯಾಗ್ ಸಿಗಲಿಲ್ಲ ಅಂತ ಬರುತ್ತದೆ. ಗ್ರೆಪ್ ಮಾಡಿ ಹುಡುಕಿದರೆ ಅದೇ ಹೆಸರು ಟ್ಯಾಗ್ಸ್ ಫೈಲಿನಲ್ಲಿ ಇದೆ! ಕೋಡ್ ಹೆಚ್ಚಾಗಿ ಸಿ. ಇದೆಲ್ಲ ಬಿಟ್ಟು ಲ್ಯಾಂಗ್ವೇಜ್ ಸರ್ವರ್‌ಗೆ (ಕೋಡ್ ಅರ್ಥ ಮಾಡಿಕೊಂಡು ಎಡಿಟರ್‌ಗೆ ಹೇಳುವ ಪ್ರೋಗ್ರಾಂ) ಹೋಗಿಬಿಡಲಾ?

ಉತ್ತರ: ಈಗಲೇ ಬಿಡಬೇಡಿ. ನಿಮ್ಮ ಪ್ರಶ್ನೆ ಓದಿದರೆ ಒಂದೇ ತೊಂದರೆ ಅನ್ನಿಸುತ್ತದೆ, ಆದರೆ ಇಲ್ಲಿ ಇರುವುದು ಮೂರು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಮೂರನ್ನೂ ಒಟ್ಟಿಗೆ ಸರಿಮಾಡಲು ಹೋಗಿ ವಿಮ್‌ನ ಸೆಟ್ಟಿಂಗ್ಸ್ ಫೈಲ್ ವಿಮ್‌ಆರ್‌ಸಿಯಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಬದಲಿಸುತ್ತಾ ಕೂತರೆ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ. ಹಾಗಾಗಿ ವಿಮ್‌ಆರ್‌ಸಿಯನ್ನು ಸದ್ಯಕ್ಕೆ ಮುಟ್ಟಬೇಡಿ. (ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.)

ಟ್ಯಾಗ್ಸ್ ವಿಷಯದಲ್ಲಿ ಯಾವ ತೊಂದರೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ತಪ್ಪು ಫೈಲ್ ಮಾಡುವಾಗ ಆಗಿದೆಯಾ, ಓದುವಾಗ ಆಗಿದೆಯಾ? ಮಾಡುವುದು ಸಿಟ್ಯಾಗ್ಸ್ ಪ್ರೋಗ್ರಾಂ. ಓದುವುದು ವಿಮ್. ಪ್ಲಗಿನ್ ನಡುವೆ ನಿಂತು ಸಿಟ್ಯಾಗ್ಸ್ ಅನ್ನು ಕರೆಯುತ್ತದೆ, ಅಷ್ಟೇ. ಟ್ಯಾಗ್ಸ್ ಫೈಲ್ ಅನ್ನುವುದು ಬೈನರಿ ಅಲ್ಲ, ಡೇಟಾಬೇಸೂ ಅಲ್ಲ, ಸಾದಾ ಟೆಕ್ಸ್ಟ್. ತೆರೆದು ಕಣ್ಣಲ್ಲಿ ನೋಡಬಹುದು. ವರ್ಷಗಟ್ಟಲೆ ಬಳಸುವವರು ಕೂಡ ಒಮ್ಮೆಯೂ ಅದನ್ನು ತೆರೆದು ನೋಡಿರುವುದಿಲ್ಲ. ನೋಡಿಬಿಟ್ಟರೆ ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ.

ಈಗಲೇ ತೆರೆಯಿರಿ. ಮೇಲೆ ‘!_ಟ್ಯಾಗ್_’ ಅಂತ ಶುರುವಾಗುವ ಕೆಲವು ಸಾಲು ಇರುತ್ತವೆ. ಅದರಲ್ಲಿ ಎರಡು ಸಾಲು ಮುಖ್ಯ. ಒಂದು ‘ಪ್ರೋಗ್ರಾಂ ನೇಮ್’, ಈ ಫೈಲನ್ನು ಯಾವ ಸಿಟ್ಯಾಗ್ಸ್ ಮಾಡಿತು ಅಂತ ಹೇಳುತ್ತದೆ. ಇನ್ನೊಂದು ‘ಫೈಲ್ ಸಾರ್ಟೆಡ್’, ಅದರ ಮುಂದೆ 0, 1 ಅಥವಾ 2 ಇರುತ್ತದೆ. 0 ಅಂದರೆ ಸಾರ್ಟ್ ಆಗಿಲ್ಲ, 1 ಅಂದರೆ ಆಗಿದೆ, 2 ಅಂದರೆ ದೊಡ್ಡಕ್ಷರ ಸಣ್ಣಕ್ಷರ ಎರಡನ್ನೂ ಒಂದೇ ಅಂತ ಲೆಕ್ಕ ಹಾಕಿ ಸಾರ್ಟ್ ಆಗಿದೆ. ಆಮೇಲೆ ಒಂದು ಟ್ಯಾಗ್‌ಗೆ ಒಂದು ಸಾಲು: ಮೊದಲು ಹೆಸರು, ಟ್ಯಾಬ್, ಫೈಲಿನ ಪಾತ್, ಟ್ಯಾಬ್, ಎರಡು ಸ್ಲ್ಯಾಶ್‌ಗಳ ನಡುವೆ ಆ ಫಂಕ್ಷನ್ ಶುರುವಾಗುವ ಸಾಲು ಪೂರ್ತಿಯಾಗಿ, ಕೊನೆಗೆ ಒಂದು ಅಕ್ಷರ. ಎಫ್ ಅಂದರೆ ಫಂಕ್ಷನ್, ಎಸ್ ಅಂದರೆ ಸ್ಟ್ರಕ್ಟ್, ಡಿ ಅಂದರೆ ಮ್ಯಾಕ್ರೊ. ಗಮನಿಸಿ, ಸಾಮಾನ್ಯವಾಗಿ ಅಲ್ಲಿ ಲೈನ್ ನಂಬರ್ ಇರುವುದಿಲ್ಲ. ವಿಮ್ ಆ ಪಾತ್‌ನ ಫೈಲ್ ತೆರೆದು ಆ ಸಾಲನ್ನು ಹುಡುಕಿ ನಿಲ್ಲುತ್ತದೆ. ಅದಕ್ಕೇ ನೀವು ಮೇಲೆ ನಾಲ್ಕು ಸಾಲು ಸೇರಿಸಿದರೂ ಜಂಪ್ ಸರಿಯಾಗಿಯೇ ಹೋಗುತ್ತದೆ, ಆದರೆ ಫಂಕ್ಷನ್ನಿನ ಆ ಸಾಲನ್ನೇ ಬದಲಿಸಿದರೆ ಇ435, ‘ಜಸ್ಟ್ ಗೆಸ್ಸಿಂಗ್’ ಅಂತ ಬರುತ್ತದೆ. ಆ ಮೆಸೇಜ್ ನೋಡಿದರೆ ಗಾಬರಿ ಬೇಡ, ಟ್ಯಾಗ್ಸ್ ಹಳೆಯದಾಗಿದೆ ಅಂತ ಅರ್ಥ.

ಸರಿ, ಮ್ಯಾಕ್‌ಗೆ ಬರೋಣ.

ಮ್ಯಾಕ್‌ನಲ್ಲಿ ಎಕ್ಸ್‌ಕೋಡ್‌ನ ಕಮಾಂಡ್ ಲೈನ್ ಟೂಲ್ಸ್ ಜೊತೆ /ಯುಎಸ್‌ಆರ್/ಬಿನ್ ಒಳಗೆ ಒಂದು ಸಿಟ್ಯಾಗ್ಸ್ ಬಂದುಬಿಟ್ಟಿರುತ್ತದೆ. ಹೆಸರು ಒಂದೇ, ಆದರೆ ಅದು ಹಳೇ ಬಿಎಸ್‌ಡಿ ಯುನಿಕ್ಸ್ ಕಾಲದ್ದು. ಅದಕ್ಕೆ ಫೋಲ್ಡರ್ ಒಳಗೆ ಫೋಲ್ಡರ್ ಇಳಿಯುವ ‘-ಆರ್’ (ಆರ್ ಕ್ಯಾಪಿಟಲ್) ಗೊತ್ತಿಲ್ಲ. ‘--ವರ್ಷನ್’ ಕೇಳಿದರೂ ‘ಇಲ್ಲೀಗಲ್ ಆಪ್ಷನ್’ ಅಂತ ಹೇಳಿ ಎರರ್ ಕೋಡ್ 1 ಕೊಟ್ಟು ನಿಂತುಬಿಡುತ್ತದೆ. ನಿಮ್ಮ ಪ್ಲಗಿನ್ ಹೇಳುತ್ತಿರುವ ‘ರಿಟರ್ನ್ಡ್: 1’ ಬಹುಪಾಲು ಇದೇ.

ಹಾಗಾದರೆ ಟರ್ಮಿನಲ್‌ನಲ್ಲಿ ಹೇಗೆ ಸರಿಯಾಗಿ ರನ್ ಆಗುತ್ತದೆ? ನೀವು ಹೋಮ್‌ಬ್ರೂನಿಂದ (ಮ್ಯಾಕ್‌ನಲ್ಲಿ ಪ್ರೋಗ್ರಾಂ ಹಾಕಿಕೊಳ್ಳುವ ಟೂಲ್) ಈಗಿನ ಸಿಟ್ಯಾಗ್ಸ್ ಆದ ಯೂನಿವರ್ಸಲ್ ಸಿಟ್ಯಾಗ್ಸ್ ಹಾಕಿಕೊಂಡಿರುತ್ತೀರಿ, ಜೊತೆಗೆ ಯಾರೋ ಹೇಳಿದರು ಅಂತ ಶೆಲ್‌ನ ಸೆಟ್ಟಿಂಗ್ಸ್ ಇರುವ .ಝಡ್‌ಎಸ್‌ಎಚ್‌ಆರ್‌ಸಿ ಫೈಲಿನಲ್ಲಿ ಒಂದು ಏಲಿಯಾಸ್, ಅಂದರೆ ಕಮಾಂಡ್‌ಗೆ ಅಡ್ಡಹೆಸರು, ಬರೆದಿರುತ್ತೀರಿ. ಈ ಸಲಹೆ ಎಲ್ಲಾ ಕಡೆ ಓಡಾಡುತ್ತದೆ, ನನಗಂತೂ ಅದು ಸ್ವಲ್ಪವೂ ಇಷ್ಟ ಇಲ್ಲ. ಏಲಿಯಾಸ್ ಅನ್ನುವುದು ನೀವು ಕೂತು ಟೈಪ್ ಮಾಡುವ ಶೆಲ್‌ಗೆ ಮಾತ್ರ ಗೊತ್ತು. ವಿಮ್ ಒಳಗಿನಿಂದ ಪ್ಲಗಿನ್ ಒಂದು ಪ್ರೋಗ್ರಾಂ ಕರೆದಾಗ ಅದಕ್ಕೆ ಏಲಿಯಾಸ್ ಕಾಣುವುದೇ ಇಲ್ಲ, ಪಾತ್‌ನಲ್ಲಿ (ಇಲ್ಲಿ ಪಾತ್ ಅಂದರೆ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಪಾತ್ ಸೆಟ್ಟಿಂಗ್ ಕೂಡ .ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ ಮಾತ್ರ ಇದ್ದು ವಿಮ್ ಅನ್ನು ಡಾಕ್‌ನಿಂದ ತೆರೆದರೆ ಇದೇ ಗತಿ, ಯಾಕೆಂದರೆ ಆ ಫೈಲ್ ಓದುವುದು ಇಂಟರಾಕ್ಟಿವ್ ಶೆಲ್ ಮಾತ್ರ.

ನೋಡಿ ಖಚಿತ ಮಾಡಿಕೊಳ್ಳುವುದು ಸುಲಭ. ಟರ್ಮಿನಲ್‌ನಲ್ಲಿ ‘ಟೈಪ್ -ಎ ಸಿಟ್ಯಾಗ್ಸ್’ ಕೊಡಿ. ಏಲಿಯಾಸ್ ಇದ್ದರೆ ಅದೂ, ಪಾತ್‌ನಲ್ಲಿರುವ ಎಲ್ಲಾ ಸಿಟ್ಯಾಗ್ಸ್‌ಗಳೂ ಸಾಲಾಗಿ ಬರುತ್ತವೆ. ಆಮೇಲೆ ವಿಮ್ ಒಳಗೆ ‘:ಎಕೋ ಎಕ್ಸಿಪಾತ್("ಸಿಟ್ಯಾಗ್ಸ್")’ ಕೊಡಿ. ವಿಮ್‌ಗೆ ನಿಜವಾಗಿ ಕಾಣುತ್ತಿರುವುದು ಯಾವುದು ಅಂತ ಇದು ಹೇಳುತ್ತದೆ. ಎರಡೂ ಬೇರೆ ಬಂದರೆ ಮೊದಲ ತೊಂದರೆಯ ಮೂಲ ಸಿಕ್ಕಿತು ಅಂತಲೇ ಲೆಕ್ಕ.

ಸರಿಮಾಡಲು ಏಲಿಯಾಸ್ ತೆಗೆದುಹಾಕಿ. ಹೋಮ್‌ಬ್ರೂ ಪಾತ್‌ನ ಸಾಲನ್ನು .ಝಡ್‌ಪ್ರೊಫೈಲ್‌ಗೆ ಹಾಕಿ. ಅದರ ಮೇಲೆ ಗುಟೆನ್‌ಟ್ಯಾಗ್ಸ್‌ಗೆ ‘ಜಿ:ಗುಟೆನ್‌ಟ್ಯಾಗ್ಸ್_ಸಿಟ್ಯಾಗ್ಸ್_ಎಕ್ಸಿಕ್ಯೂಟಬಲ್’ ಅಂತ ಒಂದು ವೇರಿಯಬಲ್ ಇದೆ, ಅದಕ್ಕೆ ಪೂರ್ತಿ ಪಾತ್ ಕೊಟ್ಟುಬಿಡಿ: ಎಂ ಸೀರೀಸ್ ಚಿಪ್ ಇರುವ ಮ್ಯಾಕ್ ಆದರೆ /ಆಪ್ಟ್/ಹೋಮ್‌ಬ್ರೂ/ಬಿನ್/ಸಿಟ್ಯಾಗ್ಸ್, ಇಂಟೆಲ್ ಮ್ಯಾಕ್ ಆದರೆ /ಯುಎಸ್‌ಆರ್/ಲೋಕಲ್/ಬಿನ್/ಸಿಟ್ಯಾಗ್ಸ್. ಪಾತ್ ಸರಿ ಇದ್ದರೂ ಫೇಲ್ ಆದರೆ ‘ಜಿ:ಗುಟೆನ್‌ಟ್ಯಾಗ್ಸ್_ಟ್ರೇಸ್’ ಅನ್ನು 1 ಮಾಡಿ ಒಂದು ಸಲ ಸೇವ್ ಮಾಡಿ. ಪ್ಲಗಿನ್ ಯಾವ ಕಮಾಂಡ್ ಕಳಿಸಿತು ಅಂತ ‘:ಮೆಸೇಜಸ್’ನಲ್ಲಿ ಬರುತ್ತದೆ. ಅದನ್ನೇ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದರೆ ಪ್ಲಗಿನ್ ನುಂಗಿಕೊಂಡಿದ್ದ ಅಸಲಿ ಎರರ್ ಕಣ್ಣೆದುರಿಗೆ ಬರುತ್ತದೆ.

ಈಗ ಎರಡನೆಯದು, ಬಿಲ್ಡ್ ಫೋಲ್ಡರಿಗೆ ಜಂಪ್ ಆಗುವುದು. ನೀವು ಸುಮ್ನೆ ಒಂದು ಮಾತು ಹೇಳಿ ಮುಂದೆ ಹೋಗಿದ್ದೀರಿ: ಸಿಟ್ಯಾಗ್ಸ್ ಸೆಟ್ಟಿಂಗ್ಸ್ ಕೂಡ ಕಾಪಿ ಮಾಡಿಕೊಂಡೆ ಅಂತ. ನನ್ನ ಅನುಮಾನ ಪೂರ್ತಿ ಅದರ ಮೇಲೆಯೇ.

ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಬಹುಶಃ ಎಕ್ಸೂಬರಂಟ್ ಸಿಟ್ಯಾಗ್ಸ್. ಅದರ ಕೊನೆಯ ಬಿಡುಗಡೆ 5.8, ಬಂದದ್ದು 2009ರಲ್ಲಿ. ಅಲ್ಲಿಗೆ ನಿಂತುಹೋಯಿತು. ಆ ಕೋಡನ್ನೇ ತೆಗೆದುಕೊಂಡು ಬೇರೆಯವರು ಮುಂದುವರಿಸಿದ್ದು ಯೂನಿವರ್ಸಲ್ ಸಿಟ್ಯಾಗ್ಸ್, ಅದರ 6.0 ಬಂದದ್ದು 2022ರ ಕೊನೆಗೆ. ಎರಡೂ ನೋಡಲು ಒಂದೇ ಥರ, ಆದರೆ ಎಕ್ಸೂಬರಂಟ್ ಓದುತ್ತಿದ್ದ ಹೋಮ್ ಫೋಲ್ಡರಿನ .ಸಿಟ್ಯಾಗ್ಸ್ ಫೈಲನ್ನು ಯೂನಿವರ್ಸಲ್ ಓದುವುದೇ ಇಲ್ಲ. ಎರರ್ ಕೂಡ ಕೊಡುವುದಿಲ್ಲ. ಅದು ನೋಡುವುದು .ಸಿಟ್ಯಾಗ್ಸ್.ಡಿ ಅನ್ನುವ ಫೋಲ್ಡರಿನ ಒಳಗೆ, ಅದರಲ್ಲೂ ಹೆಸರು .ಸಿಟ್ಯಾಗ್ಸ್ ಅಂತ ಕೊನೆಯಾಗುವ ಫೈಲ್‌ಗಳನ್ನು ಮಾತ್ರ. ಹಾಗಾಗಿ ನಿಮ್ಮ ‘--ಎಕ್ಸ್‌ಕ್ಲೂಡ್=ಬಿಲ್ಡ್’ ಸಾಲು ಇದ್ದಲ್ಲೇ ಇದೆ, ಯಾರೂ ಓದುತ್ತಿಲ್ಲ. ಬಿಲ್ಡ್ ಫೋಲ್ಡರ್ ಪೂರ್ತಿ ಟ್ಯಾಗ್ಸ್ ಒಳಗೆ ಬಂದಿದೆ, ಒಂದೇ ಫಂಕ್ಷನ್ನಿಗೆ ಎರಡು ಸಾಲು ಆಗಿದೆ, ಮೊದಲ ಸಾಲಿಗೆ ವಿಮ್ ಹೋಗುತ್ತಿದೆ.

ಫೋಲ್ಡರ್ ಮಾಡಿ ಹಳೇ ಫೈಲನ್ನು ಅದರೊಳಗೆ ‘ಡೀಫಾಲ್ಟ್.ಸಿಟ್ಯಾಗ್ಸ್’ ಅಂತ ಇಡಿ. ಆದರೆ ಕಣ್ಣುಮುಚ್ಚಿ ಇಡಬೇಡಿ. ಆ ಕಾಲದಲ್ಲಿ ಎಕ್ಸೂಬರಂಟ್‌ಗೆ ಗೋ, ರಸ್ಟ್, ಟೈಪ್‌ಸ್ಕ್ರಿಪ್ಟ್ ಯಾವುದೂ ಗೊತ್ತಿರಲಿಲ್ಲ, ಅದಕ್ಕೆ ಜನ ‘--ಲ್ಯಾಂಗ್‌ಡೆಫ್’ ಬರೆದು ರೆಜೆಕ್ಸ್ (ಹುಡುಕಾಟದ ಪ್ಯಾಟರ್ನ್) ಮೂಲಕ ಸೇರಿಸಿಕೊಳ್ಳುತ್ತಿದ್ದರು. ಯೂನಿವರ್ಸಲ್‌ನಲ್ಲಿ ಇವೆಲ್ಲ ಒಳಗೇ ಇವೆ. ಅದೇ ಸಾಲು ಮತ್ತೆ ಕಂಡರೆ ‘ಈ ಲ್ಯಾಂಗ್ವೇಜ್ ಆಗಲೇ ಇದೆ’ ಅಂತ ಹೇಳಿ ಕೆಲಸ ನಿಲ್ಲಿಸುತ್ತದೆ, ಪ್ಲಗಿನ್ ಮತ್ತೆ ‘ರಿಟರ್ನ್ಡ್: 1’ ಅನ್ನುತ್ತದೆ, ನೀವು ಮತ್ತೆ ಪಾತ್ ಹುಡುಕುತ್ತಾ ಹೋಗುತ್ತೀರಿ. ಆ ಸಾಲುಗಳನ್ನು ಮೊದಲೇ ಅಳಿಸಿ.

ಯಾವ ಸೆಟ್ಟಿಂಗ್ ಓದಿತು, ಯಾವುದನ್ನು ಬಿಟ್ಟಿತು ಅನ್ನುವ ಅನುಮಾನ ಬಂದರೆ ‘--ವರ್ಬೋಸ್’ ಹಾಕಿ ರನ್ ಮಾಡಿ. ಎಲ್ಲೆಲ್ಲಿ ಆಪ್ಷನ್ ಫೈಲ್ ಹುಡುಕಿತು, ಯಾವ ಫೈಲನ್ನು ಯಾವ ಲ್ಯಾಂಗ್ವೇಜ್ ಅಂತ ತೆರೆಯಿತು, ಯಾವುದನ್ನು ಗೊತ್ತಿಲ್ಲದ ಲ್ಯಾಂಗ್ವೇಜ್ ಅಂತ ಬಿಟ್ಟಿತು, ಎಲ್ಲಾ ಹೇಳುತ್ತದೆ. ತುಂಬಾ ಉದ್ದ ಬರುತ್ತದೆ, ಒಂದು ಫೈಲಿಗೆ ಕಳಿಸಿ ಓದಿ.

ನನ್ನ ಕೇಳಿದರೆ ಎಕ್ಸ್‌ಕ್ಲೂಡ್ ಪಟ್ಟಿ ಬೆಳೆಸುತ್ತಾ ಹೋಗುವುದಕ್ಕಿಂತ ಗಿಟ್ ಹೇಳಿದ ಫೈಲ್‌ಗಳನ್ನು ಮಾತ್ರ ಕೊಡುವುದು ವಾಸಿ. ‘ಗಿಟ್ ಎಲ್ಎಸ್-ಫೈಲ್ಸ್’ ಔಟ್‌ಪುಟ್ಟನ್ನು ಪೈಪ್ ಮಾಡಿ ‘ಸಿಟ್ಯಾಗ್ಸ್ -ಎಲ್ -’ಗೆ ಕೊಡಿ, ಇಲ್ಲಿ ಎಲ್ ಕ್ಯಾಪಿಟಲ್. ಗುಟೆನ್‌ಟ್ಯಾಗ್ಸ್‌ನಲ್ಲೂ ‘ಫೈಲ್_ಲಿಸ್ಟ್_ಕಮಾಂಡ್’ ಅಂತ ಇದಕ್ಕೇ ಒಂದು ವೇರಿಯಬಲ್ ಇದೆ. ಗಿಟ್‌ಇಗ್ನೋರ್‌ನಲ್ಲಿರುವ ಬಿಲ್ಡ್, ನೋಡ್ ಮಾಡ್ಯೂಲ್ಸ್, ಮಿನಿಫೈ ಮಾಡಿದ ಜಾವಾಸ್ಕ್ರಿಪ್ಟ್ ಎಲ್ಲಾ ತಾನಾಗಿಯೇ ಹೊರಗೆ ಉಳಿಯುತ್ತವೆ. ಟ್ಯಾಗ್ಸ್ ಫೈಲ್ ನೂರಾರು ಎಂಬಿ ಆಗಿದೆ ಅಂತ ಯಾರಾದರೂ ಹೇಳಿದರೆ ಹೆಚ್ಚಾಗಿ ಅದರೊಳಗೆ ಇರುವುದು ಈ ಕಸವೇ.

ಜಂಪ್ ತಪ್ಪಾಗುವುದಕ್ಕೆ ಇನ್ನೊಂದು ಕಾರಣವೂ ಇರುತ್ತದೆ, ಅದು ತಪ್ಪೇ ಅಲ್ಲ. ಇನಿಟ್ ಅಂತ ಸ್ಟ್ಯಾಟಿಕ್ (ಅಂದರೆ ಆ ಫೈಲಿಗೆ ಮಾತ್ರ ಸೇರಿದ) ಫಂಕ್ಷನ್ ಹತ್ತು ಫೈಲಿನಲ್ಲಿ ಇದ್ದರೆ ವಿಮ್ ಮೊದಲು ಈಗಿರುವ ಫೈಲಿನದನ್ನು ನೋಡುತ್ತದೆ, ಆಮೇಲೆ ಬೇರೆ ಫೈಲಿನ ಗ್ಲೋಬಲ್, ಕೊನೆಗೆ ಬೇರೆ ಫೈಲಿನ ಸ್ಟ್ಯಾಟಿಕ್. ಜಂಪ್ ಮಾಡಲು ಬರೀ ಕಂಟ್ರೋಲ್ ಸ್ಕ್ವೇರ್ ಬ್ರ್ಯಾಕೆಟ್ (ಮುಚ್ಚುವ ಬ್ರ್ಯಾಕೆಟ್, ‘]’) ಬದಲು ‘ಜಿ’ ಒತ್ತಿ ಕಂಟ್ರೋಲ್ ಸ್ಕ್ವೇರ್ ಬ್ರ್ಯಾಕೆಟ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಇದ್ದರೆ ನೇರ ಹೋಗುತ್ತದೆ, ಜಾಸ್ತಿ ಇದ್ದರೆ ಪಟ್ಟಿ ತೋರಿಸಿ ಕೇಳುತ್ತದೆ.

ಮೂರನೆಯದು ಉಬುಂಟು ಸರ್ವರ್. ಇದು ನಿಜವಾಗಿ ತಲೆ ತಿನ್ನುವ ತೊಂದರೆ, ಯಾಕೆಂದರೆ ಹೆಸರು ಫೈಲಿನಲ್ಲಿ ಕಣ್ಣಿಗೆ ಕಾಣುತ್ತಿದೆ, ಆದರೂ ವಿಮ್ ಇಲ್ಲ ಅನ್ನುತ್ತಿದೆ. ಅಂದರೆ ತಪ್ಪು ಓದುವ ಕಡೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲೂ ತಪ್ಪು ಆಗಿರುವುದು ಮಾಡುವಾಗಲೇ.

ವಿಮ್ ಟ್ಯಾಗ್ಸ್ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ನಾವು ನಿಘಂಟಿನಲ್ಲಿ ಪದ ಹುಡುಕುವ ಹಾಗೆ ನಡುವೆ ತೆರೆದು, ಬೇಕಾದ್ದು ಹಿಂದಿದೆಯಾ ಮುಂದಿದೆಯಾ ಅಂತ ನೋಡಿ, ಅರ್ಧ ಬಿಟ್ಟು ಇನ್ನರ್ಧಕ್ಕೆ ಹೋಗುತ್ತದೆ. ಫೈಲ್ ಎಷ್ಟು ದೊಡ್ಡದಾದರೂ ಜಂಪ್ ಕ್ಷಣದಲ್ಲಿ ಆಗುವುದು ಇದರಿಂದಲೇ. ಆದರೆ ಸಾರ್ಟ್ ಕ್ರಮ ವಿಮ್ ಅಂದುಕೊಂಡ ಹಾಗೆ ಇರಬೇಕು. ವಿಮ್ ಅಂದುಕೊಳ್ಳುವುದು ಬೈಟ್ ಕ್ರಮ: ಮೊದಲು ದೊಡ್ಡಕ್ಷರಗಳು, ಆಮೇಲೆ ಅಂಡರ್‌ಸ್ಕೋರ್, ಆಮೇಲೆ ಸಣ್ಣಕ್ಷರಗಳು. ದೊಡ್ಡ ಝಡ್‌ನಿಂದ ಶುರುವಾಗುವ ‘ಝೋನ್_ಇನಿಟ್’, ಅಂಡರ್‌ಸ್ಕೋರ್‌ನಿಂದ ಶುರುವಾಗುವ ‘_ಸ್ಟಾರ್ಟ್’, ಸಣ್ಣ ಎ ಇಂದ ಶುರುವಾಗುವ ‘ಅಲಾಕ್_ಪೇಜ್’ ತೆಗೆದುಕೊಳ್ಳಿ. ಬೈಟ್ ಕ್ರಮದಲ್ಲಿ ಇವು ಇದೇ ಸಾಲಿನಲ್ಲಿ ಬರುತ್ತವೆ. ಸರ್ವರ್‌ನಲ್ಲಿ ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಇಂಗ್ಲಿಷ್ ಇಂಡಿಯಾ ಯುಟಿಎಫ್-8 ಇದ್ದು, ಸ್ಕ್ರಿಪ್ಟ್ ಸುಮ್ನೆ ‘ಸಾರ್ಟ್’ ಅಂದರೆ? ಅದು ಅಂಡರ್‌ಸ್ಕೋರನ್ನು ಮೊದಲಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ದೊಡ್ಡ ಸಣ್ಣ ಅಕ್ಷರವನ್ನೂ ಒಟ್ಟಿಗೆ ಸೇರಿಸುತ್ತದೆ. ಮೂರೂ ಉಲ್ಟಾ ಆಗುತ್ತವೆ: ಅಲಾಕ್_ಪೇಜ್, _ಸ್ಟಾರ್ಟ್, ಝೋನ್_ಇನಿಟ್. ವಿಮ್ ನಡುವೆ ತೆರೆದು ನೋಡಿ ತಪ್ಪು ಅರ್ಧಕ್ಕೆ ಹೋಗುತ್ತದೆ, ಸಿಗಲಿಲ್ಲ ಅನ್ನುತ್ತದೆ. ಅದೃಷ್ಟ ಇದ್ದ ಹೆಸರು ಸಿಗುತ್ತದೆ, ಇಲ್ಲದ್ದು ಸಿಗುವುದಿಲ್ಲ. ‘!_ಟ್ಯಾಗ್_’ ಸಾಲುಗಳು ಕೂಡ ಮೇಲಿನಿಂದ ಎದ್ದು ನಡುವೆ ಎಲ್ಲೋ ಟಿ ಅಕ್ಷರದ ಹೆಸರುಗಳ ಜೊತೆ ಹೋಗಿ ಕೂತಿರುತ್ತವೆ. ಫೈಲಿನ ತಲೆಯ ಮೇಲೆ ಆ ಸಾಲುಗಳು ಕಾಣದಿದ್ದರೆ ಇದೇ ಅಂತ ತಿಳಿದುಕೊಳ್ಳಿ.

ಒಂದೇ ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ವಿಮ್‌ನಲ್ಲಿ ‘:ಸೆಟ್ ನೋಟ್ಯಾಗ್‌ಬಿಸರ್ಚ್’ ಕೊಟ್ಟು ಅದೇ ಫಂಕ್ಷನ್ನಿಗೆ ಜಂಪ್ ಮಾಡಿ. ಈಗ ವಿಮ್ ಸಾಲು ಸಾಲಾಗಿ ಓದುತ್ತದೆ. ಸಿಕ್ಕಿತಾ? ಹಾಗಾದರೆ ಸಾರ್ಟ್ ತಪ್ಪು. ಪಕ್ಕದ ಸೀಟಿನವರಿಗೆ ಇದೇ ಫೈಲ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅವರು ‘ಇಗ್ನೋರ್‌ಕೇಸ್’ ಹಾಕಿಕೊಂಡಿದ್ದಾರಾ ನೋಡಿ. ಆಗ ವಿಮ್ ಮೊದಲ ಸಲ ಸಿಗದಿದ್ದರೆ ಎರಡನೇ ಸಲ ಪೂರ್ತಿ ಓದುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ‘ನಂಗೆ ಬರುತ್ತೆ, ನಿಂಗೆ ಯಾಕೆ ಬರಲ್ಲ’ ಅನ್ನುವ ಜಗಳ ಇದರಿಂದಲೇ ಎಷ್ಟೋ ಆಗುತ್ತವೆ.

ನೋಟ್ಯಾಗ್‌ಬಿಸರ್ಚ್ ಅನ್ನು ಖಾಯಂ ಇಟ್ಟುಕೊಳ್ಳಬೇಡಿ, ದೊಡ್ಡ ಫೈಲಿನಲ್ಲಿ ನಿಧಾನವಾಗುತ್ತದೆ. ಸ್ಕ್ರಿಪ್ಟ್‌ನಲ್ಲಿ ಸಾರ್ಟ್ ಮುಂದೆ ‘ಎಲ್‌ಸಿ_ಆಲ್=ಸಿ’ ಸೇರಿಸಿದರೆ ಸರಿಹೋಗುತ್ತದೆ. ಆದರೆ ಆ ಸ್ಕ್ರಿಪ್ಟೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎರಡು ಫೋಲ್ಡರಿಗೆ ಎರಡು ಟ್ಯಾಗ್ಸ್ ಫೈಲ್ ಹಾಗೇ ಇರಲಿ, ವಿಮ್‌ನ ‘ಟ್ಯಾಗ್ಸ್’ ಆಪ್ಷನ್ನಿನಲ್ಲಿ ಎರಡನ್ನೂ ಕಾಮಾ ಹಾಕಿ ಬರೆಯಿರಿ, ವಿಮ್ ಒಂದಾದ ಮೇಲೆ ಒಂದು ನೋಡುತ್ತದೆ. ಅಲ್ಲಿ ‘./ಟ್ಯಾಗ್ಸ್;’ ಅಂತ ಬರೆದರೆ ಈಗಿರುವ ಫೈಲಿನ ಫೋಲ್ಡರಿನಿಂದ ಶುರುಮಾಡಿ ಮೇಲಕ್ಕೆ ಹತ್ತುತ್ತಾ ಹುಡುಕುತ್ತದೆ. ಆ ಸೆಮಿಕೋಲನ್ ಮರೆತರೆ ಒಳಗಿನ ಫೋಲ್ಡರಿನ ಫೈಲ್ ತೆರೆದಾಗ ಇ433, ಟ್ಯಾಗ್ಸ್ ಫೈಲೇ ಇಲ್ಲ ಅಂತ ಬರಬಹುದು. ಟ್ಯಾಗ್ಸ್ ಫೈಲನ್ನು .ಗಿಟ್ ಫೋಲ್ಡರಿನ ಒಳಗೆ ಇಡುವ ಅಭ್ಯಾಸ ಇದ್ದರೆ ‘--ಟ್ಯಾಗ್-ರೆಲೆಟಿವ್=ಯೆಸ್’ ಕೊಡಲೇಬೇಕು. ವಿಮ್ ಪಾತ್‌ಗಳನ್ನು ಟ್ಯಾಗ್ಸ್ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುತ್ತದೆ, ಇಲ್ಲದಿದ್ದರೆ .ಗಿಟ್ ಒಳಗೆ ನಿಮ್ಮ ಸೋರ್ಸ್ ಹುಡುಕಿ ಇ429 ಕೊಡುತ್ತದೆ.

ಇಷ್ಟಾದರೂ ಕೆಲವು ಫಂಕ್ಷನ್ ಸಿಗದಿರಬಹುದು. ಗ್ರೆಪ್ ಮಾಡಿದರೂ ಟ್ಯಾಗ್ಸ್ ಫೈಲಿನಲ್ಲಿ ಹೆಸರೇ ಇಲ್ಲ ಅಂದರೆ ಸಿ ಕೋಡಿನಲ್ಲಿ ಮೊದಲು ನೋಡಬೇಕಾದ್ದು ಮ್ಯಾಕ್ರೊ. ಸಿಟ್ಯಾಗ್ಸ್ ಕಂಪೈಲರ್ ಅಲ್ಲ, ಹೆಡರ್ ಫೈಲ್‌ಗಳನ್ನೆಲ್ಲ ಸೇರಿಸಿಕೊಂಡು ಮ್ಯಾಕ್ರೊ ಬಿಡಿಸಿ ನೋಡುವುದಿಲ್ಲ. ಲಿನಕ್ಸ್ ಕರ್ನಲ್ ಒಳ್ಳೆಯ ಉದಾಹರಣೆ. ರೀಡ್ ಸಿಸ್ಟಂ ಕಾಲ್ ಇರುವುದು ಎಫ್‌ಎಸ್/ರೀಡ್_ರೈಟ್.ಸಿ ಫೈಲಿನಲ್ಲಿ, ಆದರೆ ಅಲ್ಲಿ ‘ಸಿಸ್_ರೀಡ್’ ಅಂತ ಎಲ್ಲೂ ಬರೆದಿಲ್ಲ. ‘ಸಿಸ್‌ಕಾಲ್_ಡಿಫೈನ್3(ರೀಡ್, ...)’ ಅಂತ ಮ್ಯಾಕ್ರೊ ಇದೆ. ಬರೀ ‘ಸಿಟ್ಯಾಗ್ಸ್ -ಆರ್’ ಕೊಟ್ಟರೆ ಸಿಸ್_ರೀಡ್ ಹೇಗೆ ಸಿಗಬೇಕು? ಅದಕ್ಕೇ ಕರ್ನಲ್‌ನವರು ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಟ್ಯಾಗ್ಸ್.ಎಸ್‌ಎಚ್ ಅಂತ ಒಂದು ಫೈಲ್ ಇಟ್ಟಿದ್ದಾರೆ. ಇಂಥ ಮ್ಯಾಕ್ರೊಗಳಿಗೆಲ್ಲ ಅದರಲ್ಲಿ ರೆಜೆಕ್ಸ್ ಬರೆದಿದೆ, ‘ಮೇಕ್ ಟ್ಯಾಗ್ಸ್’ ಅಂದರೆ ಅದು ರನ್ ಆಗುತ್ತದೆ. ಸಿ ಕೋಡಿಗೆ ಟ್ಯಾಗ್ಸ್ ಮಾಡುವವರು ಒಂದು ಸಲ ಆ ಫೈಲನ್ನು ಓದಬೇಕು, ಎಂಥೆಂಥ ಕಡೆ ಸಿಟ್ಯಾಗ್ಸ್ ಎಡವುತ್ತದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ನಿಮ್ಮ ಕೋಡಿನಲ್ಲಿ ಫಂಕ್ಷನ್ ಮುಂದೆ ‘ಎಪಿಐ_ಎಕ್ಸ್‌ಪೋರ್ಟ್’ ಥರ ಒಂದು ಮ್ಯಾಕ್ರೊ ಅಂಟಿಕೊಂಡಿದ್ದು ಅದರಿಂದ ತೊಂದರೆ ಅನ್ನಿಸಿದರೆ ‘-ಐ ಎಪಿಐ_ಎಕ್ಸ್‌ಪೋರ್ಟ್’ ಕೊಡಿ, ಐ ಕ್ಯಾಪಿಟಲ್, ಸಿಟ್ಯಾಗ್ಸ್ ಅದನ್ನು ಇಲ್ಲ ಅಂದುಕೊಂಡು ಓದುತ್ತದೆ. ಆ ಮ್ಯಾಕ್ರೊಗೆ ಬ್ರ್ಯಾಕೆಟ್ ಒಳಗೆ ಆರ್ಗ್ಯುಮೆಂಟ್ ಇದ್ದರೆ ಹೆಸರಿನ ಕೊನೆಗೆ ಒಂದು ಪ್ಲಸ್ ಸೇರಿಸಿ. ಇನ್ನು ಲೈಬ್ರರಿಯ ಸೋರ್ಸ್ ಇಲ್ಲದೆ ಹೆಡರ್ ಮಾತ್ರ ಇದ್ದರೆ ಅದರ ಫಂಕ್ಷನ್ ಸಿಗುವುದಿಲ್ಲ, ಯಾಕೆಂದರೆ ಪ್ರೋಟೋಟೈಪ್‌ಗಳನ್ನು (ಒಳಗಿನ ಕೋಡ್ ಇಲ್ಲದ ಫಂಕ್ಷನ್ ಘೋಷಣೆ) ಸಿಟ್ಯಾಗ್ಸ್ ತಾನಾಗಿ ಸೇರಿಸುವುದಿಲ್ಲ. ‘--ಕೈಂಡ್ಸ್-ಸಿ=+ಪಿ’ ಕೊಡಬೇಕು. ಅದರಲ್ಲೂ .ಎಚ್ ಫೈಲ್‌ಗಳನ್ನು ಅದು ಸಿ ಪ್ಲಸ್ ಪ್ಲಸ್ ಅಂತ ಓದುತ್ತದೆ, ಹಾಗಾಗಿ ಅದೇ ಆಪ್ಷನ್ನನ್ನು ಸಿ ಪ್ಲಸ್ ಪ್ಲಸ್‌ಗೂ ಕೊಡಿ. ಇದು ಗೊತ್ತಿಲ್ಲದೆ ಸಿಗೆ ಮಾತ್ರ ಕೊಟ್ಟು ಕೆಲಸ ಮಾಡುತ್ತಿಲ್ಲ ಅನ್ನುವವರು ಬಹಳ.

ಮಾತಿಗೆ ಇದನ್ನೂ ಹೇಳಿಬಿಡುತ್ತೇನೆ: ‘ಇದು ಟ್ಯಾಗ್ ಫೈಲ್ ಥರ ಕಾಣುತ್ತಿಲ್ಲ, ಇದರ ಮೇಲೆ ಬರೆಯುವುದಿಲ್ಲ’ ಅಂತ ಸಿಟ್ಯಾಗ್ಸ್ ಹೇಳಿದರೆ ಅದಕ್ಕೆ ಥ್ಯಾಂಕ್ಸ್ ಹೇಳಿ. ‘-ಎಫ್’ ಮುಂದೆ ಔಟ್‌ಪುಟ್ ಹೆಸರು ಬರೆಯುವುದು ಬಿಟ್ಟು ನೇರ ಸೋರ್ಸ್ ಫೈಲಿನ ಹೆಸರು ಬರೆದಾಗ ಈ ಮೆಸೇಜ್ ಬರುತ್ತದೆ. ಈ ತಡೆ ಇಲ್ಲದಿದ್ದರೆ ನಿಮ್ಮ ಕೋಡ್ ಹೋಗಿರುತ್ತಿತ್ತು.

ಲ್ಯಾಂಗ್ವೇಜ್ ಸರ್ವರ್ ಬಗ್ಗೆ. ಅದು ಕೋಡನ್ನು ಅರ್ಥ ಮಾಡಿಕೊಂಡು ಹೇಳುತ್ತದೆ, ಸಿಟ್ಯಾಗ್ಸ್ ಹೆಸರು ಮಾತ್ರ ನೋಡುತ್ತದೆ. ಒಂದು ವೇರಿಯಬಲ್ ಎಲ್ಲೆಲ್ಲಿ ಬಳಸಿದ್ದಾರೆ, ಹೆಸರು ಎಲ್ಲಾ ಕಡೆ ಬದಲಿಸಬೇಕು ಅನ್ನುವ ಕೆಲಸಕ್ಕೆ ಸಿ ಕೋಡಿನ ಲ್ಯಾಂಗ್ವೇಜ್ ಸರ್ವರ್ ಕ್ಲ್ಯಾಂಗ್‌ಡಿಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಪ್ರತಿ ಫೈಲ್ ಹೇಗೆ ಕಂಪೈಲ್ ಆಗುತ್ತದೆ ಅಂತ ಹೇಳುವ ‘ಕಂಪೈಲ್_ಕಮಾಂಡ್ಸ್.ಜೇಸನ್’ ಬೇಕು. ಹಳೇ ಮೇಕ್‌ಫೈಲ್ ಇರುವ, ನಿಮ್ಮ ಮಷೀನಿನಲ್ಲಿ ಬಿಲ್ಡೇ ಆಗದ ಸಿ ಕೋಡನ್ನು ಎಸ್‌ಎಸ್‌ಎಚ್ ಮೂಲಕ ಸರ್ವರ್‌ನಲ್ಲಿ ಓದಬೇಕಾದಾಗ ನಾನು ಈಗಲೂ ಮೊದಲು ಮಾಡುವುದು ಟ್ಯಾಗ್ಸ್ ಫೈಲನ್ನೇ. ಎರಡನ್ನೂ ಇಟ್ಟುಕೊಳ್ಳಬಹುದು. ಮುಂದೆ ವಿಮ್‌ನಿಂದಲೇ ಹುಟ್ಟಿದ ನಿಯೋವಿಮ್ ಎಡಿಟರ್‌ಗೆ ಹೋದರೆ ಒಂದು ವಿಷಯ ನೆನಪಿರಲಿ: ಅಲ್ಲಿ ಲ್ಯಾಂಗ್ವೇಜ್ ಸರ್ವರ್ ಸೇರಿಕೊಂಡ ತಕ್ಷಣ ‘ಟ್ಯಾಗ್‌ಫಂಕ್’ ಅನ್ನುವ ಆಪ್ಷನ್ ತಾನಾಗಿ ಸೆಟ್ ಆಗುತ್ತದೆ, ಕಂಟ್ರೋಲ್ ಸ್ಕ್ವೇರ್ ಬ್ರ್ಯಾಕೆಟ್ ಮೊದಲು ಸರ್ವರನ್ನು ಕೇಳುತ್ತದೆ. ಟ್ಯಾಗ್ಸ್ ಫೈಲ್ ಸರಿ ಇದ್ದರೂ ಜಂಪ್ ಬೇರೆ ಕಡೆ ಹೋದರೆ ‘:ಸೆಟ್ ಟ್ಯಾಗ್‌ಫಂಕ್?’ ಕೊಟ್ಟು ನೋಡಿ.

ಮೊದಲು ಮ್ಯಾಕ್‌ನ ಪಾತ್, ಆಮೇಲೆ .ಸಿಟ್ಯಾಗ್ಸ್.ಡಿ, ಆಮೇಲೆ ಸರ್ವರ್‌ನ ಸಾರ್ಟ್, ಈ ಸಾಲಿನಲ್ಲೇ ಹೋಗಿ. ಒಂದೊಂದು ಮಾಡಿದ ಮೇಲೂ ಹಳೇ ಟ್ಯಾಗ್ಸ್ ಫೈಲ್ ಅಳಿಸಿ ಹೊಸದಾಗಿ ಮಾಡಿ, ಇಲ್ಲದಿದ್ದರೆ ಹಳೆಯದನ್ನೇ ನೋಡುತ್ತಾ ಇರುತ್ತೀರಿ. ಆಗಲೂ ಯಾವುದಾದರೂ ಫಂಕ್ಷನ್ ಸಿಗದಿದ್ದರೆ ಟ್ಯಾಗ್ಸ್ ಫೈಲಿನ ಮೊದಲ ಇಪ್ಪತ್ತು ಸಾಲು, ಎಕ್ಸಿಪಾತ್ ಕೊಟ್ಟ ಉತ್ತರ, ಆ ಫಂಕ್ಷನ್ ಶುರುವಾಗುವ ಸಾಲು, ಈ ಮೂರನ್ನು ಕಳಿಸಿ. ವಿಮ್‌ಆರ್‌ಸಿ ಕಳಿಸುವುದು ಬೇಡ.